ಖಾಜಾಬಿ ಕೊಡ ಕಿತ್ತುಕೊಂಡದ್ದು ಯಾಕೆ

ನಿನ್ನೆಯ ಪ್ರವಚನದಲ್ಲಿ ನಾವು ನಾಲಿಗೆಯ ವಿಚಾರ ಮಾತಾಡಿದೆವು. ಏನು ಆಡಬೇಕು, ಏನು ಆಡಬಾರದು ಅಂತ. ಮುಗಿಸಿ ಹೊರಗೆ ಹೋಗುವಾಗ ಒಬ್ಬ ಹಿರಿಯರು ನನ್ನನ್ನು ನಿಲ್ಲಿಸಿ ಒಂದು ಮಾತು ಕೇಳಿದರು. "ಅಪ್ಪಾರ, ಆಡೋದು ನಮ್ಮ ಕೈಯಾಗ ಐತಿ, ಖರೆ. ಕೇಳೋದು ನಮ್ಮ ಕೈಯಾಗ ಎಲ್ಲೈತ್ರಿ? ಟೀವಿ ಹಚ್ಚಿದ್ರ ಅದು ಹೇಳತೈತಿ, ನಾವು ಕೇಳತೀವಿ."

ಒಳ್ಳೆಯ ಪ್ರಶ್ನೆ. ಅದಕ್ಕೇ ಇವತ್ತು ನಾಲಿಗೆ ಬಿಟ್ಟು ಕಿವಿಗೆ ಬರೋಣ. ಕೇಳೋದು ನಿಜವಾಗಿಯೂ ನಮ್ಮ ಕೈಯಲ್ಲಿ ಇಲ್ಲವಾ? ಒಂದು ದೃಷ್ಟಾಂತ ಹೇಳ್ತೀನಿ. ಕೇಳಿ, ಆಮೇಲೆ ನೀವೇ ಹೇಳಿ.

ಒಂದು ಬಯಲುಸೀಮೆಯ ಊರು. ಆ ಊರಲ್ಲಿ ಒಬ್ಬ ಶ್ರೀಮಂತ. ಎಲ್ಲರೂ ಅವನನ್ನು ಸಾಹುಕಾರ ಅಂತಲೇ ಕರೀತಿದ್ದರು, ನಾವೂ ಹಾಗೇ ಕರೆಯೋಣ. ಶ್ರೀಮಂತ ಅಂದ ಕೂಡಲೇ ಕೆಟ್ಟವನು ಅಂದುಕೊಳ್ಳಬೇಡಿ. ಇವನು ಒಳ್ಳೆಯವನು. ಎಷ್ಟು ಒಳ್ಳೆಯವನು ಅಂದರೆ, ಬೇಸಿಗೆ ಬಂದು ಊರಿನ ನಲ್ಲಿಗಳೆಲ್ಲ ಒಣಗಿದಾಗ ತನ್ನ ಬೋರ್‌ವೆಲ್ಲಿನ ಟ್ಯಾಂಕಿನಿಂದ ಒಂದು ಪೈಪು ಎಳೆಸಿ, ಮನೆಯ ಗೋಡೆಯ ಹೊರಗೆ ನಲ್ಲಿ ಕೂರಿಸಿದ್ದ. ಯಾರು ಬೇಕಾದರೂ ಬರಬಹುದು, ತುಂಬಿಕೊಂಡು ಹೋಗಬಹುದು. ಅವನ ಮನೆಯ ಆಚೆ ಮೇಲಿನ ಓಣಿ, ಈಚೆ ಕೆಳಗಿನ ಓಣಿ. ಮೇಲಿನ ಓಣಿಯಲ್ಲಿ ಹಿಂದೂಗಳ ಮನೆ ಜಾಸ್ತಿ, ಕೆಳಗಿನ ಓಣಿಯಲ್ಲಿ ಮುಸಲ್ಮಾನರ ಮನೆ ಜಾಸ್ತಿ. ಎರಡೂ ಓಣಿಯ ಕೊಡ ಆ ಒಂದೇ ನಲ್ಲಿಯ ಕೆಳಗೆ.

ಸಾಹುಕಾರನಿಗೆ ಮಂಡಿನೋವು. ಮಾಳಿಗೆಯ ಮೇಲಿನ ಕೋಣೆ ಬಿಟ್ಟು ಕೆಳಗೆ ಇಳಿಯೋದು ಕಡಿಮೆಯಾಗಿತ್ತು. ಮೇಲೆ ಒಂದು ಮಂಚ, ಒಂದು ಕಿಟಕಿ, ಒಂದು ಟೀವಿ. ಕಿಟಕಿಯ ಕೆಳಗೇ ಆ ನಲ್ಲಿ. ಆದರೆ ಕಿಟಕಿಯಲ್ಲಿ ಏನಿದೆ ಹೇಳಿ ನೋಡೋಕೆ? ಅದೇ ಓಣಿ, ಅದೇ ಜನ. ಟೀವಿಯಲ್ಲಾದರೆ ಗಳಿಗೆಗೊಂದು ಹೊಸದು. ಹಾಗಾಗಿ ದಿನದ ಹೆಚ್ಚಿನ ಹೊತ್ತು ಮುಖ ಟೀವಿಯ ಕಡೆಗೇ.

ಈಗ ಇಬ್ಬರು ಹೆಣ್ಣುಮಕ್ಕಳು ಬರ್ತಾರೆ. ಇವರಿಗೆ ನಾನು ಹೆಸರು ಕೊಟ್ಟೇ ಹೇಳ್ತೀನಿ. ಒಬ್ಬಳು ಖಾಜಾಬಿ. ಕೆಳಗಿನ ಓಣಿಯವಳು, ವಯಸ್ಸಾದವಳು, ಬಳೆ ಮಾರುವ ಹೆಂಗಸು. ಆ ಊರಿನ ಮದುವಣಗಿತ್ತಿಯರಿಗೆ, ಬಸುರಿಯರಿಗೆ ಬಳೆ ತೊಡಿಸಿದವಳು ಅವಳೇ. ಬಾಯಿ ಮಾತ್ರ ಬಹಳ ಜೋರು. ಪ್ರೀತಿ ಬಂದರೂ ಬೈಗುಳ, ಸಿಟ್ಟು ಬಂದರೂ ಬೈಗುಳ. ಇನ್ನೊಬ್ಬಳು ಹುಲಿಗೆವ್ವ. ಮೇಲಿನ ಓಣಿಯ ಸೊಸೆ, ಚೊಚ್ಚಲ ಬಸುರಿ. ಗಂಡ ಲಾರಿ ಓಡಿಸ್ತಾನೆ, ತಿಂಗಳಲ್ಲಿ ಅರ್ಧ ದಿನ ಊರಲ್ಲಿರೋದಿಲ್ಲ. ಮನೆಯಲ್ಲಿ ಅವಳು, ಅವಳ ಅತ್ತೆ, ಇಬ್ಬರೇ.

ಒಂದು ದಿನ ಬೆಳಿಗ್ಗೆ ಹುಲಿಗೆವ್ವ ಕೊಡ ತುಂಬಿಸಿ, ಬಗ್ಗಿ ಎತ್ತೋಕೆ ಹೋದಳು. ಖಾಜಾಬಿ ಎಲ್ಲಿದ್ದಳೋ ಏನೋ, ಓಡಿ ಬಂದು ಕೊಡಕ್ಕೆ ಕೈ ಹಾಕಿದಳು.

"ಬಿಡು! ಬಿಡಂದ್ರ ಬಿಡು!"

"ನಾ ಒಯ್ತೀನಿ ಬಿಡ ಚಾಚಿ, ಇಲ್ಲೇ ಐತಿ ಮನಿ!"

"ಏನ ಒಯ್ತೀಯ? ಏಳು ತಿಂಗಳಾಗೈತಿ, ಇಷ್ಟ ದೊಡ್ಡ ಕೊಡ ಎತ್ತತಾಳಂತ! ಹೊಟ್ಯಾಗ ಇರೋದು ಕೂಸೋ, ಇನ್ನೊಂದು ಕೊಡಾನೋ?"

ಅವಳು ಬಿಡಲಿಲ್ಲ, ಇವಳೂ ಬಿಡಲಿಲ್ಲ. ಹಟ ನೋಡಿ ಇಬ್ಬರಿಗೂ! ಎಳೆದಾಟದಲ್ಲಿ ನೀರು ಚೆಲ್ಲಿ ಇಬ್ಬರ ಸೀರೆಯೂ ತೊಯ್ದಿತು. ಖಾಜಾಬಿ ಹುಲಿಗೆವ್ವನ ಕೈಗೆ ಪಟ್ಟನೆ ಒಂದು ಏಟು ಕೊಟ್ಟು ಕೊಡ ಕಿತ್ತುಕೊಂಡಳು. ಸೊಂಟದ ಮೇಲಿಟ್ಟು, ಬೈತಾ ಬೈತಾ ಮೇಲಿನ ಓಣಿಗೆ ಹೊತ್ತುಕೊಂಡು ಹೋಗಿ ಹುಲಿಗೆವ್ವನ ಅಂಗಳದಲ್ಲಿ ಇಳಿಸಿ ಬಂದಳು. ನಲ್ಲಿಯ ಹತ್ತಿರ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಡೆದದ್ದು ಇಷ್ಟೇ.

ಆದರೆ ಅವತ್ತು ಅಲ್ಲಿ ಒಬ್ಬ ಟೀವಿ ವರದಿಗಾರ ಇದ್ದ. ಪಾಪ, ಅವನು ಕೆಟ್ಟವನಲ್ಲ. ಆ ಭಾಗದ ನೀರಿನ ಮುಖ್ಯ ಪೈಪು ಒಡೆದು ಎಷ್ಟೋ ತಿಂಗಳಾಗಿತ್ತು, ಪುರಸಭೆಯವರು ತಿರುಗಿ ನೋಡಿರಲಿಲ್ಲ. ಅದನ್ನು ತೋರಿಸಬೇಕು ಅಂತಲೇ ಬಂದಿದ್ದ. ಒಣಗಿದ ನಲ್ಲಿ ತೆಗೆದ, ಒಡೆದ ಪೈಪು ತೆಗೆದ, ಸಾಹುಕಾರನ ನಲ್ಲಿಯ ಮುಂದಿನ ಸಾಲು ತೆಗೆದ. ಅದರ ನಡುವೆ ಈ ಎಳೆದಾಟವೂ ಕ್ಯಾಮೆರಾದಲ್ಲಿ ಬಂತು. ಎಲ್ಲವನ್ನೂ ದೂರದ ಆಫೀಸಿಗೆ ಕಳಿಸಿದ.

ಆಫೀಸಿನಲ್ಲಿ ಕೂತವರು ಏನು ಮಾಡಿದರು? ಒಡೆದ ಪೈಪು ಯಾರು ನೋಡ್ತಾರೆ ಅಂತ ಅದನ್ನು ತೆಗೆದುಬಿಟ್ಟರು. ಎಳೆದಾಟ ಇಟ್ಟುಕೊಂಡರು. ಹುಲಿಗೆವ್ವನ ಹೊಟ್ಟೆಗೆ ಸುತ್ತ ನಿಂತವರು ಅಡ್ಡ ಇದ್ದರು. ಕಂಡದ್ದು ಎರಡು ಮುಖ, ನಾಲ್ಕು ಕೈ, ಒಂದು ಕೊಡ. ಮಾತು ತೆಗೆದು ಢಂ ಢಂ ಅಂತ ಸಂಗೀತ ಹಾಕಿದರು. ಕೆಂಪು ಅಕ್ಷರದಲ್ಲಿ ಬರೆದರು: "ನೀರಿಗಾಗಿ ಬೀದಿ ಕಾಳಗ! ಎರಡು ಸಮುದಾಯದ ಮಹಿಳೆಯರ ಮಾರಾಮಾರಿ!" ಆ ಏಟನ್ನಂತೂ ತಿರುಗಿಸಿ ಮುರುಗಿಸಿ ಎಷ್ಟು ಸಲ ತೋರಿಸಿದರೋ!

ಈಗ ಯೋಚನೆ ಮಾಡಿ. ಅವರು ಸುಳ್ಳು ಚಿತ್ರ ತೋರಿಸಿದರಾ? ಇಲ್ಲ. ಕೊಡ ಖರೆ, ಕೈ ಖರೆ, ಕೂಗಾಟ ಖರೆ, ಏಟೂ ಖರೆ. ಒಂದೊಂದೂ ಖರೆ. ಎಲ್ಲ ಸೇರಿಸಿದ ಮೇಲೆ ಸುಳ್ಳಾಯಿತು. ಖಾಜಾಬಿ ಹೋದಳು, ಹುಲಿಗೆವ್ವ ಹೋದಳು, ಅಲ್ಲಿ ಉಳಿದದ್ದು ಎರಡು ಸಮುದಾಯ.

ಸಂಜೆ ಸಾಹುಕಾರ ಮಂಚದ ಮೇಲೆ ಕೂತು ಇದನ್ನು ನೋಡಿದ. ಅರೆ, ಇದು ನನ್ನ ನಲ್ಲಿ! ನನ್ನ ಗೋಡೆ! ನನ್ನ ನೀರಿಗೆ ಜನ ಹೊಡೆದಾಡ್ತಿದ್ದಾರೆ! ನಾಳೆ ಯಾರದಾದರೂ ತಲೆ ಒಡೆದರೆ ಆ ಪಾಪ ಯಾರ ಕೊರಳಿಗೆ? ಅವನಿಗೆ ಸಿಟ್ಟು ಬರಲಿಲ್ಲ, ನೋಡಿ, ಹೆದರಿಕೆ ಬಂತು. ಆಳನ್ನು ಕರೆದ. "ನಲ್ಲಿಗೆ ಕೀಲಿ ಹಾಕು" ಅಂದ. ಹೆಂಡತಿ ಯಾಕೆ ಅಂತ ಕೇಳೋಕೆ ಬಂದರೆ, "ನಿನಗೇನೂ ತಿಳಿಯೂದಿಲ್ಲ, ಸುಮ್ಮನಿರು" ಅಂತ ಬಾಯಿ ಮುಚ್ಚಿಸಿದ. ಒಳ್ಳೆಯದನ್ನೇ ಮಾಡ್ತಿದ್ದೀನಿ ಅಂದುಕೊಂಡೇ ಎರಡು ಓಣಿಯ ನೀರು ನಿಲ್ಲಿಸಿದ.

ಆಮೇಲೆ? ಪುರಸಭೆಯ ಟ್ಯಾಂಕರ್ ಬರೋದೇ ಗತಿ. ಅದು ಬಂದಾಗ ಬಂತು, ಇಲ್ಲದಿದ್ದರೆ ಇಲ್ಲ. ಆ ಬೆಳಿಗ್ಗೆ ನಲ್ಲಿಯ ಹತ್ತಿರ ಇದ್ದವರು ಹತ್ತಾರು ಮಂದಿ. ಟೀವಿಯಲ್ಲಿ ನೋಡಿದವರು ಇಡೀ ಊರು. ಯಾರ ಮಾತು ಗೆಲ್ಲುತ್ತೆ ಹೇಳಿ? ಮೇಲಿನ ಓಣಿಯ ಗಂಡಸರು, "ಅವರು ಹೊಡಿಯಾಕ ಬಂದ್ರ ನಾವೇನು ಬಳಿ ತೊಟ್ಟೀವೇನು?" ಅಂದರು. ಕೆಳಗಿನ ಓಣಿಯ ಗಂಡಸರೂ ಹೆಚ್ಚುಕಡಿಮೆ ಅದನ್ನೇ ಅಂದರು. ಟ್ಯಾಂಕರ್ ಬಂತು. ಇಬ್ಬರೂ ಮೊದಲೇ ಮುಷ್ಟಿ ಬಿಗಿದು ನಿಂತಿದ್ದರು. ಒಂದು ಬಕೆಟ್ಟು ಇನ್ನೊಂದಕ್ಕೆ ತಾಗಿತು, ಅಷ್ಟೇ. ಮೇಲಿನ ಓಣಿಯ ಒಬ್ಬನ ಹಣೆ ಒಡೆಯಿತು, ಕೆಳಗಿನ ಓಣಿಯ ಒಬ್ಬನ ಕೈ ಮುರಿಯಿತು. ಅವತ್ತು ಇಲ್ಲದ ಜಗಳ ಇವತ್ತು ಬಂತು! ಟೀವಿಯವರು ಏನಂದರು ಗೊತ್ತಾ? "ನಾವು ಮೊದಲೇ ಹೇಳಿದ್ದೆವು" ಅಂದರು.

ಎರಡೂ ಓಣಿಯವರು ಬೇರೆ ಬೇರೆಯಾಗಿ ಪುರಸಭೆಗೆ ಹೋಗಿ ಪೈಪು ರಿಪೇರಿ ಮಾಡಿ ಅಂತ ಕೇಳಿದರು. ಸಾಹೇಬರು ಇಬ್ಬರಿಗೂ ಒಂದೇ ಉತ್ತರ ಕೊಟ್ಟರು. "ಮೊದಲ ನಿಮ್ಮ ನಿಮ್ಮ ಜಗಳ ಬಗೆಹರಿಸಿಕೊಳ್ರಿ. ಪೊಲೀಸ್ರು ಹೂಂ ಅನ್ನೂತನ ಅಲ್ಲಿ ಕೆಲಸ ಹಿಡಿಯಾಕ ಬರೂದಿಲ್ಲ." ಅವರಿಗೆ ಎಷ್ಟು ಆರಾಮಾಯಿತು ನೋಡಿ! ಪೈಪಿನ ಮಾತೇ ಮುಳುಗಿಹೋಯಿತು.

ಇಷ್ಟರಲ್ಲಿ ಹುಲಿಗೆವ್ವನಿಗೆ ಒಂಬತ್ತು ತುಂಬುತ್ತಾ ಬಂತು. ಕುಬುಸದ ದಿನ ಗೊತ್ತಾಯಿತು. ಬಸುರಿಗೆ ಹೊಸ ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಆರತಿ ಮಾಡಬೇಕಲ್ಲ? ಅತ್ತೆ ಹೇಳಿದಳು, "ಪ್ಯಾಟಿಯಿಂದ ಬ್ಯಾರೆ ಬಳಿಗಾರ್ತಿನ ಕರಸ್ತೀನಿ. ಆ ಖಾಜಾಬಿ ನಮ್ಮ ಹೊಸ್ತಿಲಾ ತುಳಿಯೂದು ಬ್ಯಾಡ."

"ಯಾಕತ್ತಿ?"

"ಯಾಕಂತ ನನ್ನ ಕೇಳ್ತಿ? ನಿನ್ನ ಹೊಡದಿದ್ದು ಟೀವ್ಯಾಗ ನಾನ ನೋಡೀನಿ."

"ಅಯ್ಯ ಅತ್ತೀ, ಅಕಿ ಸಿಟ್ಟಿಲೆ ಹೊಡೀಲಿಲ್ಲ. ಎತ್ತಬ್ಯಾಡ ಅಂತ ಕೊಡ ಕಸಗೊಂಡ್ಳು. ನಮ್ಮ ಅಂಗಳದಾಗ ತಂದು ಇಳಿಸಿದ್ಳಲ್ಲ!"

"ನಾ ಅವತ್ತ ಹೊಲದಾಗಿದ್ದೆ. ಇಳಿಸಿದ್ದು ನಾ ನೋಡಿಲ್ಲ. ಹೊಡದಿದ್ದು ನೋಡೀನಿ. ನಿನಗ ತಿಳಿಯೂದಿಲ್ಲ, ನೀ ಸಣ್ಣಾಕಿ. ಒಳಗೊಳಗ ಏನೇನು ಇರತೈತಿ, ಟೀವಿಯವರು ಬಿಡಿಸಿ ಹೇಳಿದ್ರು."

ಹುಲಿಗೆವ್ವನಿಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಎರಡೂ ಕೈ ಮುಂದೆ ಚಾಚಿದಳು. "ಅತ್ತೀ, ಕೈ ನಂದು! ಕೊಡ ನಂದು! ಏಟು ತಿಂದಾಕಿ ನಾನು! ನಾ ಹೇಳಿದ್ದು ಸುಳ್ಳು, ಎಲ್ಲೋ ಕುಂತು ಹೇಳಿದವರದು ಖರೇನಾ?"

ಅತ್ತೆ ಎದ್ದು ಒಳಗೆ ಹೋದಳು. ಒಪ್ಪಲಿಲ್ಲ.

ನೀವು ನಗ್ತಿದ್ದೀರಿ. ನಗಿ. ಆದರೆ ಆ ಅತ್ತೆ ಯಾರು ಅಂತ ಒಮ್ಮೆ ಯೋಚನೆ ಮಾಡಿ.

ಹುಲಿಗೆವ್ವ ಖಾಜಾಬಿಯ ಮನೆಗೆ ಹೋದಳು. ಖಾಜಾಬಿ ಬಾಗಿಲಲ್ಲಿ ಬಳೆಯ ಬುಟ್ಟಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಆ ಬಾಯಿ ಸುಮ್ಮನಿದ್ದದ್ದನ್ನು ಹುಲಿಗೆವ್ವ ನೋಡಿದ್ದೇ ಇಲ್ಲ. "ಯಾಕ ಬಂದೆವ್ವ?" ಅಂದಳು. "ನಿಮ್ಮ ಓಣ್ಯಾಗ ನನ್ನ ನೋಡಿ ಬಾಗಿಲಾ ಹಾಕ್ಕೋತಾರ. ಊರಿಗೆಲ್ಲ ಬಳಿ ತೊಡಿಸಿದ ಕೈ ಇದು. ಇದನ್ನ ಹೊಡಿಯೂ ಕೈ ಅಂತ ತೋರಿಸಿದ್ರು. ನಿನ್ನ ಮನಿಯವರು ಬೈತಾರ, ಹೋಗು."

ಹುಲಿಗೆವ್ವ ಅಲ್ಲಿಂದ ಎದ್ದಳು. ಮನೆಗೆ ಹೋಗಲಿಲ್ಲ. ಆ ಬಿಸಿಲಲ್ಲಿ, ಆ ಭಾರ ಹೊತ್ತುಕೊಂಡು, ನೇರ ಸಾಹುಕಾರನ ಮನೆಗೆ ಹೋಗಿ ಮಾಳಿಗೆಯ ಮೆಟ್ಟಿಲು ಹತ್ತಿದಳು. ವಿಷಯ ತಿಳಿದ ಅತ್ತೆ ಗಾಬರಿಯಾಗಿ, "ಏ ಹುಚ್ಚಿ, ಮೆಟ್ಟಲಾ ಹತ್ತಬ್ಯಾಡ" ಅಂತ ಕೂಗ್ತಾ ಹಿಂದೆಯೇ ಬಂದಳು.

"ಸಾಹುಕಾರ್ರ, ನಲ್ಲಿ ಕೀಲಿ ತಗೀರಿ" ಅಂದಳು ಹುಲಿಗೆವ್ವ.

ಸಾಹುಕಾರ ಮೆತ್ತಗೆ ಹೇಳಿದ. "ನಿಮ್ಮ ಒಳ್ಳೇದಕ್ಕ ಹಾಕೀನವ್ವ. ಜಗಳ ಹೆಂಗಾತು ಅಂತ ಕಣ್ಣಾರೆ ನೋಡೀನಿ."

"ಎಲ್ಲಿ ನೋಡಿದ್ರಿ?"

"ಟೀವ್ಯಾಗ."

ಅಷ್ಟು ಹೊತ್ತಿಗೆ ಸಾಹುಕಾರನ ಹೆಂಡತಿ ಮಜ್ಜಿಗೆ ತಂದು ಬಸುರಿಯ ಕೈಗೆ ಕೊಟ್ಟಳು. ಕೊಟ್ಟು ಗಂಡನ ಕಡೆ ತಿರುಗಿದಳು. ಅವತ್ತು ಬಾಯಿ ಮುಚ್ಚಿಸಿದ್ದನಲ್ಲ, ಇವತ್ತು ಅವಳು ಸುಮ್ಮನಿರಲಿಲ್ಲ.

"ಅಲ್ರೀ, ಟೀವ್ಯಾಗ ಸಂಜಿಗೆ ನೋಡಿದ್ರಿ. ಬೆಳಿಗ್ಗೆ ನೀವು ಎಲ್ಲಿದ್ರಿ? ಇದ ಕಿಟಕ್ಯಾಗ ಕುಂತು ಚಾ ಕುಡಿಯಾಕತ್ತಿದ್ರಿ. ಕರೆಂಟು ಹೋಗಿತ್ತು, ಟೀವಿ ಇರಲಿಲ್ಲ. ಖಾಜಾಬಿ ಕೆಳಗ ಬಯ್ಯೂದು ಕೇಳಿ ನಕ್ಕು ನಕ್ಕು ಅಂಗಿ ಮ್ಯಾಲೆಲ್ಲ ಚಾ ಚೆಲ್ಲಿಕೊಂಡ್ರಿ. ಆ ಅಂಗಿ ಒಗದಾಕಿ ನಾನು. ಏನ ಅಂದಳು ಅಂತ ನೀವ ನನಗ ಹೇಳಿದ್ರಿ. ನೆನಪೈತೇನು?"

ಸಾಹುಕಾರ ಕಿಟಕಿಯ ಕಡೆ ನೋಡಿದ. ಮೆಲ್ಲಗೆ ಅವನ ಬಾಯಿಂದ ಬಂತು. "ಹೊಟ್ಯಾಗ ಇರೋದು ಕೂಸೋ... ಇನ್ನೊಂದು ಕೊಡಾನೋ."

ಕೇಳಿದಿರಾ? ಅವನ ಕಿವಿಯೇ ಕೇಳಿತ್ತು. ಅವನ ಬಾಯೇ ನಕ್ಕಿತ್ತು. ಸಂಜೆ ಕೆಂಪು ಅಕ್ಷರ ಬಂದು ಅವನ ಸ್ವಂತ ನೆನಪನ್ನೇ ಒರೆಸಿಹಾಕಿತ್ತು! ಅತ್ತೆಗೆ ಅಲ್ಲಿ ಇರಲಿಲ್ಲ ಅನ್ನುವ ನೆಪವಾದರೂ ಇತ್ತು. ಇವನಿಗೆ? ಇವನು ಅಲ್ಲೇ ಇದ್ದ. ಇದ್ದೂ ಇಲ್ಲದವನ ಹಾಗೆ ಆಗಿದ್ದ.

ಸಾಹುಕಾರ ಹೆಂಡತಿಯ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಆಳನ್ನು ಕರೆಯಲಿಲ್ಲ. ತಾನೇ ಕೀಲಿ ತೆಗೆದು ನಲ್ಲಿ ತಿರುಗಿಸಿದ. ನೀರು ಬಂತು. ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತ. ಮೊದಲು ಒಂದಿಬ್ಬರು ಅನುಮಾನದಿಂದ ಬಂದರು. ಆಮೇಲೆ ಎರಡೂ ಓಣಿಯ ಕೊಡಗಳು ಬಂದವು. ಬಂದ ಬಂದವರಿಗೆಲ್ಲ ಅವನು ಒಂದೇ ಮಾತು ಹೇಳಿದ. "ಅವತ್ತ ನಾನು ಮ್ಯಾಲೆ ಇದ್ದೆ. ಜಗಳ ಆಗಿರಲಿಲ್ಲ. ನಾ ನಕ್ಕಿದ್ದೆ. ಮರತಿದ್ದೆ." ಮನೆಯ ಮರ್ಯಾದೆ ಹೋಗುತ್ತೆ ಅಂತ ಅವನು ನೋಡಲಿಲ್ಲ, ಅದು ದೊಡ್ಡತನ.

ಅತ್ತೆ? ಅವಳು ಸೊಸೆಯ ಕೈ ಹಿಡಿದುಕೊಂಡು ಕೆಳಗಿನ ಓಣಿಗೆ ಹೋದಳು. ಖಾಜಾಬಿಯ ಬಾಗಿಲಲ್ಲಿ ನಿಂತಳು. ತಪ್ಪಾಯಿತು ಅನ್ನಬೇಕು, ಮಾತು ಬರ್ತಿಲ್ಲ. ಸೆರಗು ಸರಿಮಾಡಿಕೊಂಡಳು. ಬಿಸಿಲು ಬಹಳ ಅಂದಳು. ಕೊನೆಗೆ ಬುಟ್ಟಿಯ ಮುಂದೆ ಕೂತು, ತನ್ನ ಕೈಯನ್ನೇ ಮುಂದೆ ಚಾಚಿ, "ಸೊಸಿಗೆ ಹಾಕೂವಾಗ ನನಗೂ ಹಾಕು" ಅಂದಳು.

ಖಾಜಾಬಿ ಆ ಕೈ ಹಿಡಿದು, ಹಿಂಡಿ, ಅಳತೆ ನೋಡಿ, "ಈ ಕಟಗಿ ಹಂಗ ಇರೂ ಕೈಗೆ ನನ್ನ ಬಳಿ ಒಡದು ಹೋಗ್ತಾವ!" ಅಂದಳು. ಬಾಯಿ ವಾಪಸು ಬಂದಿತ್ತು. ಮೂವರೂ ನಕ್ಕರು, ಮೂವರ ಕಣ್ಣಲ್ಲೂ ನೀರು.

ಕುಬುಸ ಚೆನ್ನಾಗಿ ಆಯಿತು. ಖಾಜಾಬಿಯೇ ಬಳೆ ತೊಡಿಸಿದಳು. ಆ ವರದಿಗಾರನಿಗೂ ಯಾರೋ ಹೇಳಿ ಕಳಿಸಿದ್ದರು. ಅವನು ಬಂದ, ಹೋಳಿಗೆ ಉಂಡ, ನಾಚಿಕೊಂಡೇ ಕ್ಯಾಮೆರಾ ತೆಗೆದು ಎಲ್ಲವನ್ನೂ ಹಿಡಿದು ಕಳಿಸಿದ. ಆಫೀಸಿನಿಂದ ಫೋನು ಬಂತು. "ಇದರಲ್ಲಿ ಜಗಳವೇ ಇಲ್ಲವಲ್ಲ ಮಾರಾಯ, ಸುದ್ದಿ ಎಲ್ಲಿದೆ?" ಟೀವಿಯಲ್ಲಿ ಬರಲಿಲ್ಲ. ಬರದಿದ್ದರೂ ಬಳೆ ಕೈಯಲ್ಲಿತ್ತು.

ಎರಡೂ ಓಣಿಯವರು ಈ ಸಲ ಒಟ್ಟಿಗೆ ಪುರಸಭೆಗೆ ಹೋದರು. ಹಣೆ ಒಡೆದವನು, ಕೈ ಮುರಿದವನು, ಇಬ್ಬರೂ ಮುಂದೆ. ಸಾಹೇಬರು ಬಾಗಿಲಿಂದ ಈಚೆ ಬಂದು ನೋಡಿದರು. ಜಗಳ ಬಗೆಹರಿಸಿಕೊಳ್ಳಿ ಅಂತ ಈಗ ಯಾರಿಗೆ ಹೇಳೋದು? ಮುಂದಿನ ಬೇಸಿಗೆ ಬರುವ ಮೊದಲು ಹೊಸ ಪೈಪು ಬಂತು. ಅಷ್ಟರಲ್ಲಿ ಹುಲಿಗೆವ್ವನ ಮಗಳು ಅಂಬೆಗಾಲಿಡ್ತಿದ್ದಳು.

ದೃಷ್ಟಾಂತ ಮುಗೀತು. ಈಗ ನಿಮ್ಮ ಸರದಿ.

ಟೀವಿ ಒಡೆದು ಹಾಕಿ, ಪತ್ರಿಕೆ ಸುಟ್ಟು ಹಾಕಿ ಅಂತ ನಾನು ಹೇಳೋದಿಲ್ಲ. ಪೈಪು ಒಡೆದದ್ದನ್ನು ಮೊದಲು ಕಂಡವನೂ ಒಬ್ಬ ವರದಿಗಾರನೇ, ಮರೀಬೇಡಿ. ಸುದ್ದಿ ಬೇಕು. ಸುದ್ದಿ ಇಲ್ಲದ ಊರು ಕುರುಡು. ಆದರೆ ಸುದ್ದಿ ಅಂದರೆ ಒಬ್ಬರು ಆರಿಸಿ ಕೊಟ್ಟದ್ದು. ಏನೋ ಇಟ್ಟಿರ್ತಾರೆ, ಏನೋ ಬಿಟ್ಟಿರ್ತಾರೆ. ಇಟ್ಟದ್ದನ್ನು ನೋಡುವಾಗ ಬಿಟ್ಟದ್ದೇನು ಅಂತ ಕೇಳಬೇಕಾದವರು ಯಾರು? ನಾವು. ಈ ಏಟಿಗೆ ಮೊದಲು ಏನಾಗಿತ್ತು? ಇವರಿಬ್ಬರು ಆಮೇಲೆ ಎಲ್ಲಿ ಹೋದರು? ಈ ಜಗಳ ನೋಡ್ತಾ ಕೂತರೆ ನಾವು ಯಾವ ಮಾತು ಮರೀತೀವಿ, ಆ ಮರೆವಿನಿಂದ ಯಾರಿಗೆ ಆರಾಮ? ಇಷ್ಟು ಕೇಳಿದರೆ, ನಿನ್ನೆಯ ಹಿರಿಯರೇ, ಕೇಳೋದೂ ನಮ್ಮ ಕೈಯಲ್ಲೇ ಇದೆ.

ಮಾಡಬೇಕಾದದ್ದು ದೊಡ್ಡದೇನಲ್ಲ. ಊಟದ ಹೊತ್ತಿಗೆ ಆ ಕಿರುಚಾಟದ ಚರ್ಚೆ ಬಂದ್ ಮಾಡಿ, ಮನೆಯವರು ಇವತ್ತು ಏನು ಕಂಡರು, ಏನು ಕೇಳಿದರು ಅಂತ ವಿಚಾರಿಸಿ. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಬಂದ ಸಿಟ್ಟನ್ನು ನಾಲ್ಕು ಜನಕ್ಕೆ ಕಳಿಸ್ತೀರಲ್ಲ, ಕಳಿಸೋ ಮೊದಲು ಕೈ ತಡೀರಿ. ಯಾವ ಓಣಿಯ ಸುದ್ದಿಯೋ ಆ ಓಣಿಯವರಿಗೆ ಒಂದು ಫೋನ್ ಮಾಡಿ. "ಹೆಂಗದೀರಿ? ಏನಾತು?" ಅಂತ ಕೇಳಿ. ಅವರು ಹೇಳಿದ ಮೇಲೂ ಕಳಿಸಬೇಕು ಅನ್ನಿಸಿದರೆ ಕಳಿಸಿ.

ಫೋನ್ ಮಾಡೋಣ ಅಂದರೆ ಆ ಓಣಿಯಲ್ಲಿ ನಿಮಗೆ ಯಾರೂ ಗೊತ್ತಿಲ್ಲವಾ? ಒಬ್ಬರ ನಂಬರೂ ಇಲ್ಲವಾ? ಹಾಗಾದರೆ ತಪ್ಪನ್ನು ಪೂರ್ತಿ ಟೀವಿಯ ತಲೆಗೆ ಕಟ್ಟಬೇಡಿ. ನಮಗೂ ಅವರಿಗೂ ನಡುವೆ ಅಷ್ಟು ದೊಡ್ಡ ಜಾಗ ಖಾಲಿ ಬಿಟ್ಟವರು ನಾವೇ. ಖಾಲಿ ಬಿಟ್ಟ ಜಾಗದಲ್ಲಿ ಯಾರೋ ಬಂದು ಅಂಗಡಿ ಹಾಕಿದರು, ಅಷ್ಟೇ.

ಅದನ್ನು ಸರಿಮಾಡೋದು ಇವತ್ತೇ, ಇಲ್ಲಿಂದಲೇ ಶುರುವಾಗಲಿ. ಪ್ರಸಾದ ಸಿದ್ಧವಾಗಿದೆ. ಪಂಕ್ತಿಯಲ್ಲಿ ಕೂರುವಾಗ ನಿಮ್ಮ ಮನೆಯವರ ಪಕ್ಕ ಕೂರಬೇಡಿ. ಪರಿಚಯ ಇಲ್ಲದವರ ಪಕ್ಕ ಕೂತು, ಯಾವ ಓಣಿ, ಎಷ್ಟು ಮಕ್ಕಳು ಅಂತ ಕೇಳಿ. ಏಳುವ ಮೊದಲು ಅವರ ನಂಬರು ತಗೊಳ್ಳಿ. ಎಲ್ಲರಿಗೂ ಶರಣು. ಏಳಿ, ಅನ್ನ ಆರಿ ಹೋಗ್ತದೆ.